ಹೊಟ್ಟೆನೋವು ನಿಜ, ಆದರೂ ರಜೆ ಬೇಡ: ಶಾಲೆಗೆ ಹೋಗಲು ಹೆದರುವ ಮಗುವಿನ ಮನೆಯವರಿಗೆ

ಸೋಮವಾರ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಹೊಟ್ಟೆನೋವು. ವ್ಯಾನ್ ಹೊರಟುಹೋಗುವ ತನಕ ಮಗು ಮುದುಡಿಕೊಂಡು ಮಲಗಿರುತ್ತೆ, ಹತ್ತೂವರೆ ಹೊತ್ತಿಗೆ ಎದ್ದು ಬಂದು ದೋಸೆ ಇದೆಯಾ ಅಂತ ಕೇಳುತ್ತೆ. ಭಾನುವಾರ ಈ ನೋವು ಬರುವುದಿಲ್ಲ, ಮದುವೆಮನೆಗೆ ಹೋದಾಗಲೂ ಬರುವುದಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಎರಡು ಪಕ್ಷ ಆಗಿರುತ್ತವೆ. "ಬರೀ ನಾಟಕ, ಎರಡು ಬಿಟ್ಟರೆ ಸರಿಹೋಗ್ತಾನೆ" ಅನ್ನುವುದು ಅಪ್ಪನ ಪಕ್ಷ. "ಪಾಪ, ಇವತ್ತೊಂದಿನ ಬಿಟ್ಟುಬಿಡ್ರೋ" ಅನ್ನುವುದು ಅಜ್ಜಿಯದು.

ಅಪ್ಪ ಹೇಳುವುದು ತಪ್ಪು, ಯಾಕೆಂದರೆ ನೋವು ನಿಜ. ಹೆದರಿಕೆಯಾದಾಗ ಮೆದುಳು ಕರುಳಿಗೂ ಸುದ್ದಿ ಮುಟ್ಟಿಸುತ್ತೆ. ಹೊಟ್ಟೆ ಹಿಂಡುತ್ತೆ, ವಾಕರಿಕೆ ಬರುತ್ತೆ, ತಲೆ ಸಿಡಿಯುತ್ತೆ. ಇಂಟರ್‌ವ್ಯೂ ದಿನ ದೊಡ್ಡವರೇ ಎರಡೆರಡು ಸಲ ಬಚ್ಚಲಿಗೆ ಓಡುತ್ತೇವಲ್ಲ, ಅದೇ ಇದು. ಅಜ್ಜಿ ಹೇಳುವುದೂ ತಪ್ಪು, ಯಾಕೆಂದರೆ ಮನೆಯಲ್ಲಿ ಉಳಿದ ಒಂದೊಂದು ದಿನವೂ ಮಗುವಿನ ಹೆದರಿಕೆಯನ್ನು ಗಟ್ಟಿ ಮಾಡುತ್ತೆ. ವ್ಯಾನ್ ಹೋಯಿತು, ನೋವು ಹೋಯಿತು, ಅಂದರೆ ತಪ್ಪಿಸಿಕೊಂಡಿದ್ದೇ ಮದ್ದು ಅಂತ ಮಗುವಿನ ಮೈ ಕಲಿಯುತ್ತೆ. ಮಾರನೇ ದಿನ ಹೆದರಿಕೆ ಇನ್ನೊಂದು ಗೇಣು ಬೆಳೆದಿರುತ್ತೆ. ನೋವನ್ನು ನಂಬಬೇಕು, ರಜೆಯನ್ನು ಕೊಡಬಾರದು. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆ ಅನ್ನುವುದಷ್ಟೇ ಕೆಳಗೆ ಬರೆದಿರುವುದು.

ಇದು ಕ್ಲಾಸಿಗೆ ಚಕ್ಕರ್ ಹೊಡೆಯುವುದಲ್ಲ. ಚಕ್ಕರ್ ಹೊಡೆಯುವ ಹುಡುಗ ಮನೆಯವರಿಗೆ ಗೊತ್ತಿಲ್ಲದಂತೆ ಎಲ್ಲೋ ಸುತ್ತುತ್ತಾನೆ. ಇಲ್ಲಿ ಮಗು ಮನೆಯವರ ಕಣ್ಣೆದುರೇ, ಅಳುತ್ತಾ, ಮನೆಯಲ್ಲೇ ಇರುತ್ತೆ. 1941ರಲ್ಲಿ ಅಮೆರಿಕದ ವೈದ್ಯರು ಇದನ್ನು 'ಸ್ಕೂಲ್ ಫೋಬಿಯಾ' ಎಂದು ಕರೆದರು. ಈಗ ಇದನ್ನು ಒಂದು ಕಾಯಿಲೆ ಎಂದು ನೋಡುವುದಿಲ್ಲ, ಒಳಗಿನ ಬೇರೆ ಏನೋ ಒಂದರ ಹೊರಗಿನ ಗುರುತು ಎಂದು ನೋಡುತ್ತಾರೆ. ಹುಡುಗ, ಹುಡುಗಿ ಎಂಬ ಭೇದವಿಲ್ಲ. ಮೊದಲ ಸಲ ಶಾಲೆಗೆ ಸೇರುವ ಐದಾರು ವರ್ಷಕ್ಕೆ ಹೆಚ್ಚು, ಆಮೇಲೆ ಹತ್ತು-ಹನ್ನೊಂದರ ಸುಮಾರಿಗೆ ಮತ್ತೆ ಹೆಚ್ಚು. ನಮ್ಮಲ್ಲಿ ಕನ್ನಡ ಮೀಡಿಯಂನಿಂದ ಇಂಗ್ಲಿಷ್ ಮೀಡಿಯಂಗೆ ಹಾಕಿದ ವರ್ಷ, ಹಾಸ್ಟೆಲ್‌ಗೆ ಬಿಟ್ಟ ವರ್ಷ, ಮನೆಯಲ್ಲೊಂದು ಸಾವಾದ ವರ್ಷ ಇದು ತಲೆಯೆತ್ತುವುದು ಹೆಚ್ಚು.

ಮೊದಲು ಮಕ್ಕಳ ಡಾಕ್ಟರು

"ಇದು ಮನಸ್ಸಿಂದೇ" ಅಂತ ನಾವೇ ತೀರ್ಮಾನ ಮಾಡುವುದು ಬೇಡ. ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಜ್ವರ, ಪದೇ ಪದೇ ವಾಂತಿ, ಮಲದಲ್ಲಿ ರಕ್ತ, ಹೊಕ್ಕುಳಿನ ಸುತ್ತ ಅಲ್ಲದೆ ಪಕ್ಕಕ್ಕೆ ಒಂದೇ ಕಡೆ ಬರುವ ನೋವು: ಇವು ಯಾವುದಿದ್ದರೂ ಮುಚ್ಚಿಡದೆ ಹೇಳಿ. ಕಣ್ಣು, ಕಿವಿ ತೋರಿಸುವುದನ್ನೂ ಮರೆಯಬೇಡಿ. ಬೋರ್ಡ್ ಕಾಣದೆ ಬೈಸಿಕೊಳ್ಳುವ ಮಕ್ಕಳಿದ್ದಾರೆ.

ಡಾಕ್ಟರೂ ಕೇಳಲು ಮರೆಯುವ ಪ್ರಶ್ನೆ ಒಂದಿದೆ: ಶಾಲೆಯ ಟಾಯ್ಲೆಟ್ ಹೇಗಿದೆ? ಗಲೀಜು, ನೀರಿಲ್ಲ, ಬಾಗಿಲಿಗೆ ಚಿಲಕ ಇಲ್ಲ ಅನ್ನುವ ಕಾರಣಕ್ಕೆ ಬೆಳಗಿನಿಂದ ನೀರೇ ಕುಡಿಯದ, ಎಂಟು ಗಂಟೆ ತಡೆದುಕೊಳ್ಳುವ ಮಕ್ಕಳು ಬೇಕಾದಷ್ಟು. ಮಲಬದ್ಧತೆಗೂ ಉರಿಮೂತ್ರಕ್ಕೂ ಹೊಟ್ಟೆ ನೋಯುತ್ತೆ. ಹೊಸದಾಗಿ ಮುಟ್ಟಾದ ಹುಡುಗಿಗೆ ಇದು ಇನ್ನೂ ದೊಡ್ಡ ಸಂಕಟ. ಈ ಒಂದು ಸಂಗತಿ ಸರಿಹೋದರೆ ಸಾಕಾಗುವ ಮಗುವಿಗೆ ಕೌನ್ಸೆಲಿಂಗ್ ಯಾಕೆ ಬೇಕು?

ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದರೆ ಅಲ್ಲಿಗೆ ನಿಲ್ಲಿಸಿ. ನಾಲ್ಕನೇ ಸ್ಕ್ಯಾನಿಂಗ್‌ಗೆ ಓಡಾಡಿದಷ್ಟೂ ತನಗೇನೋ ದೊಡ್ಡದಾಗಿದೆ ಎಂದು ಮಗುವಿಗೆ ಖಾತ್ರಿಯಾಗುತ್ತೆ. ಇನ್ನು ದೃಷ್ಟಿ ತೆಗೆಯುವುದು, ತಾಯತ, ದೇವರ ಹರಕೆ. ಮನೆಯ ಹಿರಿಯರಿಗೆ ಅದರಿಂದ ಸಮಾಧಾನ ಅಂದರೆ ಮಾಡಲಿ, ಜಗಳ ಬೇಡ. ಆದರೆ ಅದರ ಹೆಸರಿನಲ್ಲಿ ಮಗುವನ್ನು ಹೊಡೆಯುವ, ಉಪವಾಸ ಕೆಡವುವ ಕಡೆ ಹೋಗಬೇಡಿ, ಅದು ಮುಗಿದ ಮೇಲೆ ನೋಡೋಣ ಎಂದು ಉಳಿದದ್ದನ್ನು ಮುಂದೂಡಲೂ ಬೇಡಿ.

ಒಂದು ಹಳೇ ನೋಟ್‌ಬುಕ್

ಒಂದು ವಾರ, ಹೆಚ್ಚೆಂದರೆ ಹತ್ತು ದಿನ, ದಿನಕ್ಕೆ ಎರಡು ಸಾಲು ಬರೆದಿಡಿ. ನೋವು ಎಷ್ಟು ಹೊತ್ತಿಗೆ ಶುರು, ಎಷ್ಟಕ್ಕೆ ಹೋಯಿತು, ಅವತ್ತಿನ ಟೈಮ್‌ಟೇಬಲ್ ಏನು, ಹಿಂದಿನ ರಾತ್ರಿ ಮನೆಯಲ್ಲಿ ಏನಾಯಿತು. ಕೊನೆಯದನ್ನು ಪ್ರಾಮಾಣಿಕವಾಗಿ ಬರೆಯಿರಿ. ಅಪ್ಪ ಕುಡಿದು ಬಂದಿದ್ದು, ಅತ್ತೆ-ಸೊಸೆ ಮಾತು ಬಿಟ್ಟಿದ್ದು, ಅಮ್ಮನಿಗೆ ಬಿಪಿ ಜಾಸ್ತಿಯಾಗಿ ತಲೆ ಸುತ್ತಿದ್ದು, ಎಲ್ಲವೂ. ಮಂಗಳವಾರ, ಶುಕ್ರವಾರ ಮಾತ್ರ ನೋವು ಅಂತ ಕಂಡರೆ ಆ ಎರಡು ದಿನ ಯಾವ ಪೀರಿಯಡ್ ಇದೆ ಎಂದು ನೋಡಿ. ಪಿ.ಟಿ. ಮೇಷ್ಟ್ರೋ, ಗಟ್ಟಿಯಾಗಿ ಓದಿಸುವ ಹಿಂದಿ ಮಿಸ್ಸೋ ಅಲ್ಲೇ ಸಿಗುತ್ತಾರೆ.

ಮಗು ಆಗಲೇ ಒಂದೆರಡು ವಾರದಿಂದ ಮನೆಯಲ್ಲಿದ್ದರೆ ನೋಟ್‌ಬುಕ್ ತುಂಬಲಿ ಎಂದು ಕಾಯಬೇಡಿ, ಮುಂದಿನದನ್ನೂ ಇವತ್ತೇ ಶುರುಮಾಡಿ.

ಕಾರಣ ಕೇಳುವುದಕ್ಕೂ ಒಂದು ಹೊತ್ತಿದೆ

ಬೆಳಿಗ್ಗೆ ಬಾಗಿಲಲ್ಲಿ ಶೂ ಹಿಡಿದುಕೊಂಡು "ಯಾಕೆ ಹೋಗಲ್ಲ ಹೇಳು" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಆ ಹೊತ್ತಿನಲ್ಲಿ ಮಗುವಿಗೂ ಗೊತ್ತಿರುವುದಿಲ್ಲ. ಸಂಜೆ ಬಟಾಣಿ ಬಿಡಿಸುವಾಗ, ಸ್ಕೂಟರ್ ಮೇಲೆ ಹೋಗುವಾಗ, ಲೈಟ್ ಆರಿಸಿ ಮಲಗಿದಾಗ ಕೇಳಿ. ಮುಖ ನೋಡದೆ ಮಾತಾಡುವ ಹೊತ್ತಿನಲ್ಲಿ ಮಕ್ಕಳ ಬಾಯಿ ಬೇಗ ಬಿಡುತ್ತೆ. "ಯಾಕೆ" ಬಿಟ್ಟು "ಸ್ಕೂಲಲ್ಲಿ ದಿನದ ಯಾವ ಹೊತ್ತು ಸಿಕ್ಕಾಪಟ್ಟೆ ಬೇಜಾರು?" ಅನ್ನಿ. ಊಟದ ಹೊತ್ತು ಅಂದರೆ ಜೊತೆಗಾರರ ವಿಷಯ. ವ್ಯಾನ್ ಅಂದರೆ ವ್ಯಾನಲ್ಲಿ ಏನೋ ಇದೆ. "ನೀನು ಮನೇಲಿ ಒಬ್ಳೇ ಇರ್ತೀಯಲ್ಲಮ್ಮ" ಅಂದರೆ ಹೆದರಿಕೆ ಇರುವುದು ಶಾಲೆಯ ಬಗ್ಗೆ ಅಲ್ಲ, ನಿಮ್ಮ ಬಗ್ಗೆ.

ಕ್ರಿಸ್ಟೋಫರ್ ಕಿಯರ್ನಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ನಾಲ್ಕು ಗುಂಪು ಮಾಡಿದ್ದಾರೆ, ಥೆರಪಿ ಮಾಡುವವರು ಇವತ್ತಿಗೂ ಬಳಸುವ ವಿಂಗಡಣೆ ಅದು. ಶಾಲೆಯಲ್ಲಿನ ಯಾವುದೋ ಒಂದರಿಂದ ಆಗುವ ಕಸಿವಿಸಿ ತಪ್ಪಿಸಿಕೊಳ್ಳಲು. ನಾಲ್ಕು ಜನರೆದುರು ಮಾತಾಡುವ, ಪರೀಕ್ಷೆ ಬರೆಯುವ ಭಯದಿಂದ ಪಾರಾಗಲು. ಮನೆಯವರು ಹತ್ತಿರವೇ ಇರಲಿ ಎಂದು. ಮನೆಯಲ್ಲಿ ಟಿವಿ, ಮೊಬೈಲು, ಬಿಸಿ ಊಟ ಸಿಗುತ್ತೆ ಎಂದು. ಬಹಳ ಮಕ್ಕಳಲ್ಲಿ ಮೊದಲನೆಯದರಿಂದ ಶುರುವಾಗಿ ಕೊನೆಯದಕ್ಕೆ ಬಂದು ನಿಂತಿರುತ್ತೆ. ಅದಕ್ಕೇ ತಿಂಗಳುಗಟ್ಟಲೆ ಬಿಟ್ಟ ಮೇಲೆ ಮೂಲ ಯಾವುದು ಎಂದು ಹುಡುಕುವುದು ಕಷ್ಟ.

ಓದು-ಬರಹದಲ್ಲೇ ತೊಡಕಿದೆಯಾ ಎಂಬುದನ್ನು ಬೇರೆಯಾಗಿ ನೋಡಬೇಕು. ಬಾಯಲ್ಲಿ ಎಲ್ಲ ಹೇಳುವ, ಬರೆಯಲು ಕೂತರೆ ಒತ್ತಕ್ಷರ ತಪ್ಪುವ, ಮೂರನೇ ಕ್ಲಾಸಿಗೆ ಬಂದರೂ ಸಾಲು ಬಿಟ್ಟು ಓದುವ ಮಗುವಿಗೆ ಕಲಿಕೆಯ ನ್ಯೂನತೆ ಇರಬಹುದು. ಇದರ ಪರೀಕ್ಷೆಯನ್ನು ಸಾಮಾನ್ಯವಾಗಿ ಎಂಟು ವರ್ಷದ ನಂತರ ಮಾಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಆಗುತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿರುವುದರಿಂದ ಪ್ರಮಾಣಪತ್ರ ಇದ್ದರೆ ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೇಳಬಹುದು.

ಒಂದು ಕಡೆ ಮಾತ್ರ ಮೇಲೆ ಹೇಳಿದ 'ರಜೆ ಬೇಡ' ನಿಯಮ ನಡೆಯುವುದಿಲ್ಲ. ಯಾರೋ ಹೊಡೆಯುತ್ತಿದ್ದಾರೆ, ಮುಟ್ಟಬಾರದ ಕಡೆ ಮುಟ್ಟುತ್ತಿದ್ದಾರೆ ಎಂದು ಗೊತ್ತಾದರೆ ಮೊದಲು ಮಗು ಅಲ್ಲಿಂದ ಪಾರಾಗಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ, "ಶಾಲೆಯ ಮರ್ಯಾದೆ" ಎಂದು ಯಾರು ಕೈಹಿಡಿದು ಎಳೆದರೂ ಸರಿ. ಮೇಷ್ಟ್ರು ಹೊಡೆಯುವುದಕ್ಕೂ ಬಾಯಿಗೆ ಬಂದಂತೆ ಹೀಯಾಳಿಸುವುದಕ್ಕೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಅಡ್ಡ ನಿಲ್ಲುತ್ತೆ. ಆ ಕಲಂ ಹೆಸರು ಹೇಳಿದರೆ ಸಾಕು, ಕೆಲವು ಆಫೀಸ್ ರೂಮಿನ ದನಿ ಬದಲಾಗುತ್ತೆ.

ಶಾಲೆಗೆ ಹೋಗಿ ಮಾತಾಡುವುದು

ದೂರಿನ ದನಿಯಲ್ಲಿ ಹೋಗಬೇಡಿ, ಮೇಲಿನಂಥ ಸಂದರ್ಭ ಬಿಟ್ಟು. ಗೇಟಿನಲ್ಲಿ ನಿಂತು ಅರ್ಧ ನಿಮಿಷ ಹೇಳಿ ಬಂದರೂ ಆಗುವುದಿಲ್ಲ. ಹೆಡ್ ಮೇಡಂ, ಕ್ಲಾಸ್ ಟೀಚರ್ ಇಬ್ಬರನ್ನೂ ಕೂರಿಸಿಕೊಂಡು ಮೂರು ಸಂಗತಿ ಕೇಳಿ. ಮಗು ಬಂದಾಗ ಗೇಟಿನಿಂದ ಕರೆದೊಯ್ಯಲು ಒಬ್ಬರು ಗೊತ್ತಿರುವವರು, ಆಯಾ ಆದರೂ ಆದೀತು. ಅಳು ಬಂದರೆ ಹತ್ತು ನಿಮಿಷ ಕೂರಲು ಒಂದು ಜಾಗ, ಲೈಬ್ರರಿಯೋ ಸ್ಟಾಫ್ ರೂಮೋ. ಮತ್ತು "ಓಹೋ, ಬಂದ್ಬಿಟ್ಯಾ ಮಹಾರಾಜ" ಎಂದು ಕ್ಲಾಸಿನೆದುರು ಯಾರೂ ಅನ್ನದಂತೆ ಒಂದು ಮಾತು. ಈ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಮೂರು ವಾರದ ಶ್ರಮವನ್ನು ಆ ಒಂದು ವಾಕ್ಯ ನುಂಗಿಹಾಕುತ್ತೆ. ಬಾಕಿ ನೋಟ್ಸ್ ಎಲ್ಲ ಬರೆದು ತರಬೇಕು ಎಂಬ ಷರತ್ತನ್ನು ಸದ್ಯಕ್ಕೆ ಕೈಬಿಡಲು ಕೇಳಿಕೊಳ್ಳಿ.

ಮೆಟ್ಟಿಲು ಇಳಿಸಿದ ಹಾಗೆ

ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಸುವವರು ಸೊಂಟಕ್ಕೆ ಸೋರೆ ಬುರುಡೆ ಕಟ್ಟಿ, ಮೊದಲು ಮೆಟ್ಟಿಲ ಮೇಲೆ ಕೂರಿಸಿ, ಆಮೇಲೆ ಮೊಣಕಾಲು ನೀರಿಗೆ, ಆಮೇಲೆ ಎದೆ ಮಟ್ಟಕ್ಕೆ ಇಳಿಸುತ್ತಿದ್ದರು. ಹೆದರಿಕೆಗೆ ಥೆರಪಿಯಲ್ಲಿ ಮಾಡುವುದೂ ಇದನ್ನೇ. ಮೊದಲು ಸೊನ್ನೆಯಿಂದ ಹತ್ತರವರೆಗೆ ಒಂದು ಅಳತೆ ಮಾಡಿಕೊಳ್ಳಿ. "ಗೇಟ್ ನೋಡಿದರೆ ಎಷ್ಟು ಭಯ?" "ನಾಲ್ಕು." "ಕ್ಲಾಸಲ್ಲಿ ಕೂತರೆ?" "ಏಳು." "ನಿಂತ್ಕೊಂಡು ಓದು ಅಂದ್ರೆ?" "ಹನ್ನೆರಡು!" ಹತ್ತರ ಮೇಲೆ ಹೋಗುವ ಮಗು ತಮಾಷೆ ಮಾಡುತ್ತಿಲ್ಲ, ನಿಮಗೆ ಕಾರಣವನ್ನೇ ಕೊಟ್ಟಿದೆ.

ಗಟ್ಟಿಯಾಗಿ ಓದಲು ಹೆದರಿ ಶಾಲೆ ಬಿಟ್ಟ ನಾಲ್ಕನೇ ಕ್ಲಾಸಿನ ಹುಡುಗಿಗೆ ಮೆಟ್ಟಿಲು ಹೀಗಿರಬಹುದು. ಶಾಲೆ ಬಿಟ್ಟ ಮೇಲೆ ಸಂಜೆ ಅಪ್ಪನ ಜೊತೆ ಖಾಲಿ ಮೈದಾನದಲ್ಲಿ ಓಡಾಡಿ ಬರುವುದು. ಮಾರನೇ ದಿನ ಕ್ಲಾಸ್ ರೂಮಿನೊಳಗೆ ತನ್ನ ಬೆಂಚಿನಲ್ಲಿ ಕೂತು ಬರುವುದು. ಆಮೇಲೆ ಯೂನಿಫಾರ್ಮ್ ಹಾಕಿ ಡ್ರಾಯಿಂಗ್ ಪೀರಿಯಡ್ ಒಂದಕ್ಕೆ. ಅದು ಎರಡು ದಿನ ನಡೆದರೆ ಬೆಳಿಗ್ಗೆಯಿಂದ ಊಟದ ಬೆಲ್ ತನಕ, ಓದಲು ನಿಲ್ಲಿಸುವುದಿಲ್ಲ ಎಂದು ಮಿಸ್ ಮಾತು ಕೊಟ್ಟ ಮೇಲೆ. ಮುಂದಿನ ವಾರ ಪೂರ್ತಿ ದಿನ. ಅದಾದ ಮೇಲೆ ಮಿಸ್ ಒಬ್ಬರೆದುರು ಎರಡು ಸಾಲು ಓದುವುದು, ಪಕ್ಕದ ಗೆಳತಿಯ ಜೊತೆ ದನಿ ಸೇರಿಸಿ ಒಂದು ಪ್ಯಾರಾ, ಕೊನೆಗೆ ಒಬ್ಬಳೇ ನಿಂತು ಮೂರು ಸಾಲು.

ಒಂದು ಮೆಟ್ಟಿಲಲ್ಲಿ ಭಯ ಅರ್ಧಕ್ಕೆ ಇಳಿದ ಮೇಲೆ ಮುಂದಿನದು. ಭಯ ಏರಿದಾಗ ಎತ್ತಿಕೊಂಡು ಮನೆಗೆ ಓಡಬೇಡಿ. ಹೆದರಿಕೆ ಏರಿ, ತುಸು ಹೊತ್ತು ನಿಂತು, ತಾನಾಗಿಯೇ ಇಳಿಯುತ್ತೆ. ಅದು ಇಳಿಯುವುದನ್ನು ಮಗು ಅಲ್ಲೇ ಇದ್ದು ಅನುಭವಿಸಿದರೆ ಮಾತ್ರ ಮೈ ಹೊಸದನ್ನು ಕಲಿಯುತ್ತೆ. ಒಂದು ದಿನ ಮುಗ್ಗರಿಸಿದರೆ ಒಂದು ಮೆಟ್ಟಿಲು ಮಾತ್ರ ಹಿಂದೆ, ಶುರುವಿಗಲ್ಲ. ಪ್ರತಿ ಮೆಟ್ಟಿಲಿಗೂ ಒಂದು ಚಿಕ್ಕ ಬಹುಮಾನ ಇರಲಿ: ಸಂಜೆ ಅಪ್ಪನ ಜೊತೆ ಕೇರಂ ಆಟ, ರಾತ್ರಿ ಊಟಕ್ಕೆ ಏನು ಮಾಡಬೇಕೆಂದು ಹೇಳುವ ಹಕ್ಕು. ಸೈಕಲ್ ಕೊಡಿಸುತ್ತೇನೆ ಎಂಬ ದೊಡ್ಡ ಆಸೆ ನನಗೆ ಸರಿ ಕಾಣುವುದಿಲ್ಲ. ದೂರದ ಬಹುಮಾನ ನಾಳೆ ಬೆಳಗಿನ ಹೊಟ್ಟೆನೋವಿಗೆ ಕೆಲಸಕ್ಕೆ ಬರುವುದಿಲ್ಲ.

ಬೆಳಗಿನ ಒಂದು ಗಂಟೆ

ಮಾತು ಕಡಿಮೆ, ಕೆಲಸ ಹೆಚ್ಚು. "ಹೊಟ್ಟೆ ನೋಯ್ತಿದೆ ಅಂತ ಗೊತ್ತು ಪುಟ್ಟಾ. ಹೆದರಿಕೆಗೆ ಹಾಗಾಗುತ್ತೆ, ಆಮೇಲೆ ಹೋಗುತ್ತೆ. ಬಾ, ಜಡೆ ಹಾಕ್ತೀನಿ." ಇಷ್ಟೇ. ಇದನ್ನೇ ಮೂರು ಸಲ ಬೇಕಾದರೂ ಹೇಳಿ, ನಾಲ್ಕನೇ ವಾದಕ್ಕೆ ಇಳಿಯಬೇಡಿ. "ಇವತ್ತು ಹೋಗ್ತೀಯಾ?" ಎಂದು ಕೇಳುವುದೇ ತಪ್ಪು, ಅದು ಬಾಗಿಲು ತೆರೆದಿಟ್ಟಂತೆ. "ಇಡ್ಲಿ ಬೇಕಾ, ಚಿತ್ರಾನ್ನ ಬೇಕಾ ಡಬ್ಬಿಗೆ?" ಅನ್ನಿ. ಬಿಟ್ಟು ಬರುವ ಕೆಲಸ ಹೆಚ್ಚು ಅಳಿಸದೆ ಬಿಡಬಲ್ಲವರದ್ದಾಗಲಿ. ತಾಯಿಯನ್ನು ಬಿಡಲಾಗದ ಮಗುವನ್ನು ಚಿಕ್ಕಪ್ಪ ಬಿಟ್ಟು ಬಂದರೆ ಎಷ್ಟೋ ಸಲೀಸು. ಬಿಟ್ಟ ಮೇಲೆ ಕಿಟಕಿಯಲ್ಲಿ ಇಣುಕಬೇಡಿ. ಹೇಳದೆ ಮಾಯವಾಗುವುದೂ ಬೇಡ, ಮಾರನೇ ದಿನ ಸೆರಗು ಬಿಡುವುದಿಲ್ಲ.

ಎಷ್ಟು ಮಾಡಿದರೂ ಆಗಲಿಲ್ಲ, ಮಗು ಮನೆಯಲ್ಲೇ ಉಳಿಯಿತು. ಆಗ ಶಾಲೆಯ ವೇಳೆ ಮುಗಿಯುವವರೆಗೆ ಮನೆ ಬೋರು ಹೊಡೆಸಬೇಕು. ಟಿವಿ ಇಲ್ಲ, ಮೊಬೈಲ್ ಇಲ್ಲ, ಅಜ್ಜಿಯ ವಿಶೇಷ ತಿಂಡಿ ಇಲ್ಲ, ಬೈಗುಳವೂ ಇಲ್ಲ. ಪುಸ್ತಕ, ಊಟ, ವಿಶ್ರಾಂತಿ. ನಿಜ ಹೇಳಬೇಕೆಂದರೆ ಇದಕ್ಕೆ ಅಜ್ಜಿ-ತಾತನನ್ನು ಒಪ್ಪಿಸುವುದು ಮಗುವನ್ನು ಒಪ್ಪಿಸುವುದಕ್ಕಿಂತ ಕಷ್ಟ. ಹಿಂದಿನ ರಾತ್ರಿಯೇ ಎಲ್ಲರೂ ಕೂತು ಮಾತಾಡಿಕೊಳ್ಳಿ, ಮಗುವಿನೆದುರು ಅಲ್ಲ.

ಥೆರಪಿಗೆ ಯಾವಾಗ, ಎಲ್ಲಿ

ಎರಡು ವಾರ ಇಷ್ಟೆಲ್ಲ ಮಾಡಿಯೂ ಕದಲದಿದ್ದರೆ, ನಿದ್ದೆ-ಊಟ ಕೆಟ್ಟಿದ್ದರೆ, ಮೊದಲು ಇಷ್ಟಪಡುತ್ತಿದ್ದ ಆಟವೂ ಬೇಡವಾಗಿದ್ದರೆ ತಜ್ಞರ ಬಳಿಗೆ ಹೋಗಿ. "ಸತ್ತೋಗ್ಬೇಕು ಅನ್ಸುತ್ತೆ" ಎಂಬ ಮಾತು ಬಂದರೆ ಎರಡು ದಿನವೂ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿ, ಮಾತ್ರೆಗಳ ಡಬ್ಬ ಎರಡನ್ನೂ ಬೀಗ ಹಾಕಿಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಎಲ್ಲಿಗೆ ಎಂದು ತೋಚದಿದ್ದರೆ 14416 ಡಯಲ್ ಮಾಡಿ. ಇದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮಗುವಿನ ಬಗ್ಗೆ ಕೇಳಲು ಅಪ್ಪ-ಅಮ್ಮನೂ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಬೇರೆ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತೆ; ದೇಶಕ್ಕೆಲ್ಲ ಹರಡಿದ ಈ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ. ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ, ಹೊರಡುವ ಮುಂಚೆ ವಿಚಾರಿಸಿ. 10ರಿಂದ 19 ವಯಸ್ಸಿನವರಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಕೂಡ ಒಂದು ಬಾಗಿಲು.

ಖಾಸಗಿಯಾಗಿ ಹೋಗುವವರು ಬೋರ್ಡ್ ನೋಡಿ ಮಾರುಹೋಗಬೇಡಿ. ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಪರೀಕ್ಷೆ, ಥೆರಪಿ ಮಾಡುವವರು. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಿ, ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವವರ ಬಳಿ ಹೋಗಬೇಡಿ. ಮಕ್ಕಳೊಂದಿಗೆ ಕೆಲಸ ಮಾಡಿದ್ದಾರಾ, ಮಗುವಿನ ಜೊತೆ ಕನ್ನಡದಲ್ಲೇ ಮಾತಾಡುತ್ತಾರಾ ಎಂಬುದನ್ನೂ ಕೇಳಿ. ಮನೆಯಲ್ಲಿ ಹವ್ಯಕವೋ ತುಳುವೋ ಆಡುವ ಮಗು ಇಂಗ್ಲಿಷಿನಲ್ಲಿ ತನ್ನ ಭಯ ಹೇಳೀತು ಎಂದು ನನಗಂತೂ ಅನ್ನಿಸುವುದಿಲ್ಲ.

ಮಗುವಿಗೆ ಹೊರಡುವ ಮುಂಚೆ ನಿಜ ಹೇಳಿ. "ಹೆದರಿಕೆ ಕಡಿಮೆ ಮಾಡೋದು ಹೇಗೆ ಅಂತ ಹೇಳಿಕೊಡೋರ ಹತ್ರ ಹೋಗ್ತಿದೀವಿ. ಅವರು ಇಂಜೆಕ್ಷನ್ ಕೊಡಲ್ಲ, ಮಾತಾಡ್ತಾರೆ, ಆಟ ಆಡಿಸ್ತಾರೆ." ಐಸ್‌ಕ್ರೀಮ್ ಕೊಡಿಸುತ್ತೇನೆ ಎಂದು ಕರೆದೊಯ್ದು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದರೆ ಆ ಮಗು ಮುಂದೆ ಒಂದು ಮಾತೂ ಆಡುವುದಿಲ್ಲ. ಆ ಹಳೇ ನೋಟ್‌ಬುಕ್, ಮಾರ್ಕ್ಸ್ ಕಾರ್ಡ್, ಮಗುವಿನ ಕೈಬರಹದ ಒಂದೆರಡು ಪುಸ್ತಕ, ಹಳೆಯ ರಿಪೋರ್ಟ್‌ಗಳು ಜೊತೆಗಿರಲಿ. ಸಾಧ್ಯವಾದರೆ ಅಪ್ಪನೂ ಬರಲಿ.

ಮೊದಲ ದಿನ ಪ್ರಶ್ನೆಗಳೇ ಹೆಚ್ಚು: ಹೆರಿಗೆ ಹೇಗಾಯಿತು, ಎಷ್ಟು ತಿಂಗಳಿಗೆ ನಡೆಯಿತು, ಮನೆಯಲ್ಲಿ ಯಾರ್‍ಯಾರು, ಯಾರಿಗಾದರೂ ಮಾನಸಿಕ ತೊಂದರೆ ಇತ್ತಾ. ಆಮೇಲೆ ನಿಮ್ಮನ್ನು ಹೊರಗೆ ಕೂರಿಸಿ ಮಗುವಿನ ಜೊತೆ ಮಾತಾಡುತ್ತಾರೆ. ಚಿಕ್ಕವರಿಗೆ ಗೊಂಬೆ, ಮಣ್ಣು, ಚಿತ್ರ. ದೊಡ್ಡವರಿಗೆ ಮಾತು, ಉಸಿರಾಟದ ಅಭ್ಯಾಸ, "ಎಲ್ಲರೂ ನಗ್ತಾರೆ" ಎಂಬ ಯೋಚನೆ ಎಷ್ಟು ನಿಜ ಎಂದು ತಾವೇ ತೂಗಿ ನೋಡುವುದು. ಒಳಗೆ ಏನು ಮಾತಾಡಿದರು ಎಂದು ಆಟೋದಲ್ಲಿ ಕೆದಕಬೇಡಿ. ಪ್ರಾಣಾಪಾಯದಂಥ ಸಂಗತಿ ಇದ್ದರೆ ಅವರೇ ಹೇಳುತ್ತಾರೆ. ಎರಡು ಭೇಟಿಗೆ ಬದಲಾವಣೆ ಕಾಣಲಿಲ್ಲ ಎಂದು ಬಿಡುವುದೂ ಬೇಡ, ಇದು ವಾರಗಟ್ಟಲೆ ಹಿಡಿಯುವ ಕೆಲಸ.

ಥೆರಪಿಸ್ಟ್ "ನಿಮ್ಮಿಬ್ಬರನ್ನೂ ಬೇರೆಯಾಗಿ ನೋಡಬೇಕು" ಎಂದರೆ ಮುನಿಸಿಕೊಳ್ಳಬೇಡಿ. ಅಮ್ಮನಿಗೇ ಆತಂಕ ಹೆಚ್ಚಿದ್ದರೆ, ಅಪ್ಪ-ಅಮ್ಮ ತಿಂಗಳಿಂದ ಮಾತಾಡದಿದ್ದರೆ, ಮನೆ ಕಾಯಲು ತಾನಿರಬೇಕು ಎಂದು ಮಗು ಶಾಲೆ ಬಿಟ್ಟಿರುತ್ತೆ. ಅಂಥ ಮಗುವನ್ನು ಎಷ್ಟು ಸಲ ಗೇಟಿನವರೆಗೆ ಕರೆದೊಯ್ದರೂ ಅದರ ಗಮನವೆಲ್ಲ ಹಿಂದೆಯೇ.

ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ಆತಂಕ ಅಥವಾ ಖಿನ್ನತೆ ತೀವ್ರವಿದ್ದಾಗ ಮನೋವೈದ್ಯರು ಬರೆಯಬಹುದು. ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು, ಶುರುವಿನ ವಾರಗಳಲ್ಲಿ ಮಗುವಿನ ಮಾತು-ನಡೆಯ ಮೇಲೆ ಕಣ್ಣಿರಬೇಕು, ಚೇತರಿಸಿಕೊಂಡಳು ಎಂದು ನೀವಾಗಿ ನಿಲ್ಲಿಸಬಾರದು. ಅಂಗಡಿಯಲ್ಲಿ ಕೇಳಿ ನಿದ್ದೆ ಮಾತ್ರೆ ತಂದು ಕೊಡುವುದಂತೂ ಬೇಡವೇ ಬೇಡ.

ರಜೆ ಮುಗಿದ ಮೇಲೆ

ಚೆನ್ನಾಗಿ ಹೋಗುತ್ತಿದ್ದ ಮಗು ದಸರಾ ರಜೆ ಮುಗಿದ ಕೂಡಲೇ ಮತ್ತೆ ಹೊಟ್ಟೆ ಹಿಡಿದುಕೊಳ್ಳಬಹುದು. ಜ್ವರ ಬಂದು ನಾಲ್ಕು ದಿನ ಮಲಗಿ ಎದ್ದಾಗಲೂ, ಜೂನ್‌ನಲ್ಲಿ ಹೊಸ ಕ್ಲಾಸ್ ಶುರುವಾದಾಗಲೂ ಹೀಗೆಯೇ. ಶುರುವಿನಿಂದ ಎಲ್ಲ ಮಾಡಬೇಕಿಲ್ಲ. ರಜೆಯ ಕೊನೆಯ ಮೂರು ದಿನ ಶಾಲೆಯ ಹೊತ್ತಿಗೇ ಏಳಿಸಿ, ಶಾಲೆಯ ಹೊತ್ತಿಗೇ ಮಲಗಿಸಿ. ಭಾನುವಾರ ಸಂಜೆ ಶಾಲೆಯ ಗೇಟಿನವರೆಗೆ ಒಂದು ಸುತ್ತು ಹೋಗಿ ಬನ್ನಿ. ಕ್ಲಾಸ್ ಟೀಚರಿಗೆ ಒಂದು ಮೆಸೇಜ್ ಹಾಕಿ. ಹೊಸ ವರ್ಷ ಟೀಚರ್ ಬದಲಾಗಿದ್ದರೆ ಹೋದ ವರ್ಷ ಒಪ್ಪಿದ್ದ ಮೂರು ಸಂಗತಿಗಳನ್ನು ಅವರ ಬಳಿಯೂ ಹೊಸದಾಗಿ ಕೂತು ಹೇಳಿ; ಹಳೆಯ ಮಿಸ್ ಹೇಳಿರುತ್ತಾರೆ ಎಂದು ನಂಬಿ ಕೂರಬೇಡಿ. ರಜೆಯ ನಂತರದ ಮೊದಲ ದಿನವೇ ಮನೆಯಲ್ಲಿ ಉಳಿಯದಂತೆ ನೋಡಿಕೊಳ್ಳಿ, ಅರ್ಧ ದಿನಕ್ಕಾದರೂ ಸರಿ, ಕಳಿಸಿ.